ಕಿಟಕಿಯಲ್ಲಿಟ್ಟ ರಬ್ಬರು

ಮನೆಯಿಂದ,
ಹದಿನಾಲ್ಕನೆಯ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೋದ ಪತ್ರದಲ್ಲಿ ಕೆಮ್ಮು ಎಂದು ಬರೆದಿದ್ದೆ, ಕಡಿಮೆಯಾಯಿತೆ? ಗೋದಾಮಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ಅಮ್ಮ ಹೇಳಿದ್ದಾಳೆ. ನೀನು ಕಟ್ಟಿಕೊಳ್ಳುವುದಿಲ್ಲ ಎಂದೂ ಅವಳೇ ಹೇಳಿದ್ದಾಳೆ. ಅಲ್ಲಿ ಎಲ್ಲರೂ ಲಾರಿ ಓಡಿಸುವಾಗ ನೀನೊಬ್ಬ ಮೂಟೆ ಎಣಿಸುತ್ತ ಕೂತಿದ್ದೀಯ, ಮೇಲಿನವರು ಕರೆದು ಕೂರಿಸಿದರೂ ಸ್ಟೇರಿಂಗ್ ಮುಟ್ಟಲಿಲ್ಲ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಅಮ್ಮನಿಗೆ ಓದಿ ಹೇಳಲಿಲ್ಲ. ಹಾರಿಸಿ ಮುಂದಕ್ಕೆ ಹೋದೆ. ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ, "ಇಷ್ಟು ದೊಡ್ಡ ಕಾಗದದಲ್ಲಿ ಇಷ್ಟೇನಾ ಬರೆದಿರೋದು?" ಎಂದಳು.

ಅಮ್ಮನ ಬಲಗೈ ಹಾಗೇ ಇದೆ. ಮೊಣಕೈ ಸ್ವಲ್ಪ ಮಡಚುತ್ತದೆ, ಬೆರಳುಗಳು ಕೂಡಿಕೊಳ್ಳುವುದಿಲ್ಲ. ಒಮ್ಮೊಮ್ಮೆ ಸೂಜಿಗೆ ದಾರ ಪೋಣಿಸಿಕೊಡು ಎಂದು ಕರೆಯುತ್ತಾಳೆ. ಪೋಣಿಸಿಕೊಟ್ಟರೆ ಎಡಗೈಯಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ, ಹೊಲಿಯುವುದಿಲ್ಲ. ಸಂಜೆ ಅದನ್ನು ದಿಂಬಿನ ಅಂಚಿಗೆ ಚುಚ್ಚಿಡುವುದು ನನ್ನ ಕೆಲಸ. ಯಾರಾದರೂ ನೋಡಲು ಬಂದರೆ, "ಮಗ ನನಗೆ ಬೇಗನೆ ರಿಟೈರ್‌ಮೆಂಟ್ ಕೊಡಿಸಿಬಿಟ್ಟ" ಎಂದು ನಗುತ್ತಾಳೆ. ಬಂದವರೂ ನಗುತ್ತಾರೆ. ನಾನು ಅಷ್ಟು ಹೊತ್ತಿಗೆ ನೀರು ತರುವ ನೆಪದಲ್ಲಿ ಒಳಗೆ ಹೋಗಿರುತ್ತೇನೆ.

ಈಗ ಸುದ್ದಿ. ಎರಡು ವರ್ಷದಿಂದ ತಾರ್ಪಾಲು ಹೊದ್ದು ಮಲಗಿದ್ದ ಹಸಿರು ಗಾಡಿಯನ್ನು ಅಪ್ಪ ಬಿಚ್ಚಿದರು. ಹೋದ ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದೇ ಗ್ಯಾರೇಜಿಗೆ ಹೋಗಿ ತಾರ್ಪಾಲಿನ ಹಗ್ಗ ಬಿಚ್ಚಿದರು, ಅಷ್ಟೆ. ಎಡಗಡೆ ಬಾಗಿಲು ಇನ್ನೂ ಒಳಕ್ಕೆ ತಗ್ಗಿಕೊಂಡೇ ಇದೆ. ಅಮ್ಮ ಹೊಲಿದ ಎರಡು ಸೀಟುಗಳ ಚರ್ಮಕ್ಕೆ ಮಾತ್ರ ಏನೂ ಆಗಿಲ್ಲ. ಒಂದು ಹೊಲಿಗೆಯೂ ಬಿಟ್ಟಿಲ್ಲ. ಆ ಅಪಘಾತದ ದಿನ ನೀನು ಅವಳನ್ನು ಕೂರಿಸಿಕೊಂಡು ಹೋದದ್ದೇ ಸೀಟು ಹೇಗಿದೆ ಎಂದು ಅವಳಿಗೆ ತೋರಿಸಲಿಕ್ಕಲ್ಲವೆ?

ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಒಯ್ಯುವ ಎರಡು ಶಾಫ್ಟುಗಳಲ್ಲಿ ಆ ದಪ್ಪ ರಬ್ಬರಿನ ಜಾಯಿಂಟುಗಳಿದ್ದವಲ್ಲ, ಆರು ಮೂಲೆಯ ಬಳೆಯ ಹಾಗೆ, ಅವನ್ನು ತೆಗೆದು ಅಪ್ಪ ಉಕ್ಕಿನವನ್ನು ಹಾಕಿದ್ದಾರೆ. ಬಟ್ಟಲಿನಂಥ ಒಂದು ಗೂಡು, ಅದರೊಳಗೆ ಆರು ಉಕ್ಕಿನ ಗುಂಡು, ಗುಂಡು ಮುಳುಗುವಷ್ಟು ಕಪ್ಪು ಗ್ರೀಸು, ಮೇಲೆ ಮಡಿಕೆ ಮಡಿಕೆಯಾದ ರಬ್ಬರಿನ ಕುಲಾವಿ. ಚಕ್ರ ಎಷ್ಟು ಏರಲಿ ಇಳಿಯಲಿ, ಗುಂಡುಗಳು ಉರುಳಿ ದಾರಿ ಮಾಡಿಕೊಳ್ಳುತ್ತವೆ. ರಬ್ಬರಿನದು ಹಾಗಲ್ಲ, ಅದು ಮೊದಲು ತಿರುಚಿಕೊಂಡು ಆಮೇಲೆ ಗಾಡಿಯನ್ನು ದೂಡುತ್ತಿತ್ತು. ನೀನು ಅದನ್ನು "ಗಾಡಿ ಬಿಕ್ಕಳಿಸುತ್ತೆ" ಎನ್ನುತ್ತಿದ್ದೆ.

ಕೆಲಸಕ್ಕೆ ಜೊತೆಯಾದವಳು ನಾನೇ. ಎಂ.ಎ. ಓದಿದವಳು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಲೈಟು ಹಿಡಿದಿದ್ದನ್ನು ನೀನು ನೋಡಬೇಕಿತ್ತು. "ನಮ್ಮ ಲೈಬ್ರರಿ ಎಲ್ಲಿ? ಪಾನಾ ಕೊಡು, ಕವಿತೆ ಆಮೇಲೆ" ಎಂದು ಅಪ್ಪ ಕೂಗುವುದು, ನಾನು ಹದಿಮೂರರ ಬದಲು ಹದಿನಾಲ್ಕರದನ್ನು ಕೊಡುವುದು. ನಗಬೇಡ. ಮೊದಲ ದಿನದ ಒಂದು ವಿಷಯ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. "ಕಬ್ಬಿಣ ಕೈ ಜೊತೆ ಮಾತಾಡುತ್ತೆ, ಕಾಗದದ ಜೊತೆ ಅಲ್ಲ" ಎನ್ನುತ್ತಿದ್ದ ಅಪ್ಪ, ಹೊಸ ಪೆಟ್ಟಿಗೆ ಬಿಚ್ಚಿದ ಕೂಡಲೇ ಒಳಗಿದ್ದ ಸೂಚನೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಓದು. ಒಂದು ಅಕ್ಷರ ಬಿಡಬೇಡ" ಎಂದರು. ನನ್ನ ಧ್ವನಿ ನಿನಗೆ ಗೊತ್ತಲ್ಲ, ಪಕ್ಕದ ಕೋಣೆಗೂ ಕೇಳುವುದಿಲ್ಲ. ಅಪ್ಪ ಜಾಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಪಾಠ ಒಪ್ಪಿಸುವ ಹುಡುಗನ ಹಾಗೆ ಪ್ರತಿ ಸಾಲಿಗೂ ತಲೆಯಾಡಿಸಿದರು.

ಬಲಗಡೆಯ ಹಳೆಯ ರಬ್ಬರು ಇಡಿಯಾಗಿ ಬಂತು. ಎಡಗಡೆಯದು ಅವತ್ತು ಹರಿದು ಗಾಡಿಯ ಹಿಡಿತ ತಪ್ಪಿಸಿದ್ದು, ಇಷ್ಟು ದಿನ ಶಾಫ್ಟಿಗೆ ಜೋತುಕೊಂಡೇ ಇತ್ತು. ಅಪ್ಪ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ಹರಿದ ಗೆರೆ ಒಂದು ಬೋಲ್ಟಿನ ತೂತಿನ ಪಕ್ಕದಿಂದ ಶುರುವಾಗಿದೆ, ಅಲ್ಲಿ ಕಬ್ಬಿಣದ ಸಲಾಕೆ ಹಾಕಿ ಮೀಟಿದ ಗುರುತಿದೆ, ಉಗುರಿನಷ್ಟು ಅಗಲ. ಜೋಡಿಸುವಾಗ ತೂತುಗಳು ಒಂದಕ್ಕೊಂದು ಕೂಡದೆ ಮೀಟಿದವರು ಅಪ್ಪನೇ. ಅವರು ಆ ಗುರುತಿನೊಳಕ್ಕೆ ಹೆಬ್ಬೆರಳಿಟ್ಟು ನೋಡಿದರು. ಆಮೇಲೆ ರಬ್ಬರನ್ನು ಕಿಟಕಿಯಲ್ಲಿ ಮಗುಚಿ ಇಟ್ಟು ಕೈ ತೊಳೆಯಲು ಹೋದರು. ಆ ದಿನ ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸಿ ಎದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಎಲ್ಲರೆದುರಿಗೆ, "ಕಾಲಿಗೆ ಲಗಾಮಿಲ್ಲದವನ ಕೈಗೆ ಗಾಡಿ ಕೊಟ್ಟಿದ್ದು ನನ್ನ ತಪ್ಪು" ಎಂದು ನಿನಗೆ ಹೇಳಿದ್ದರಲ್ಲ, ಆ ಮಾತು ಅವರಿಗೆ ನೆನಪಾಗಿರಬೇಕು. ನೀನು ಬೀಗದ ಕೈಯನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟು ಹೋದೆ. ಅದು ಅಲ್ಲೇ ಇತ್ತು, ಸುತ್ತ ಧೂಳು ಕೂತು, ಎತ್ತಿದಾಗ ಅದರ ಆಕಾರ ಬೆಂಚಿನ ಮೇಲೆ ಉಳಿದುಕೊಂಡಿತು.

ನಿನ್ನೆ ಬೆಳಿಗ್ಗೆ ಗಾಡಿ ಹೊರಗೆ ತೆಗೆದರು. ಪಕ್ಕದಲ್ಲಿ ನಾನು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಬಾ ಎಂದು ಯಾರೂ ಕರೆಯಲಿಲ್ಲ. ಬೀದಿಯ ಕೊನೆಯ ಏರಿನವರೆಗೆ ಹೋಗಿ ಬಂದೆವು. ಬಿಕ್ಕಳಿಕೆಯೇ ಇಲ್ಲ. ಏರಿನಲ್ಲಿ ಅಪ್ಪ ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿ, ಕಾಲು ತೆಗೆದು, "ಇನ್ನು ಯಾರು ಎಷ್ಟು ಒತ್ತಿದರೂ ಹರಿಯಲ್ಲ" ಎಂದರು. ಯಾರು ಎಂದರೆ ಯಾರು? ಒಂದು ಮಾತ್ರ ನೋಡಿದೆ. ಸೀಟನ್ನು ನಿನ್ನ ಉದ್ದ ಕಾಲಿಗೆ ಹಿಂದಕ್ಕೆ ತಳ್ಳಿದ್ದೆಯಲ್ಲ, ಅದನ್ನು ಅವರು ಮುಂದಕ್ಕೆ ಎಳೆದುಕೊಂಡಿಲ್ಲ. ಬೆನ್ನು ಸೀಟಿಗೆ ತಾಗದೆ, ತುದಿಯಲ್ಲಿ ಕೂತು, ಕಾಲುಬೆರಳಿನಲ್ಲಿ ಕ್ಲಚ್ಚು ಎಟುಕಿಸಿಕೊಂಡು ಓಡಿಸಿದರು. ಮನೆಗೆ ಬಂದಾಗ ಬೆವರಿದ್ದರು.

ಬರೆಯಲು ಇನ್ನೂ ಇದೆ, ಆದರೆ ಅಪ್ಪ ಅಂಚೆಯ ಕಡೆ ಹೊರಟು ನಿಂತಿದ್ದಾರೆ, ಬಾಗಿಲಲ್ಲಿ ಚಪ್ಪಲಿಯ ಸದ್ದಾಗುತ್ತಿದೆ. ಅವರಿಗೆ ಇದೊಂದು ಚಟ: "ವಿಳಾಸ ಸರಿ ಇದೆಯಾ ನೋಡ್ತೀನಿ" ಎಂದು ಹೇಳಿ ಒಳಗಿನದ್ದನ್ನೆಲ್ಲ ಓದಿಬಿಡುವುದು. ಅದಕ್ಕೇ ನಾನು ಯಾವಾಗಲೂ ಗೋಂದು ಒಣಗಿದ ಮೇಲೆಯೇ ಅವರ ಕೈಗೆ ಕೊಡುವುದು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೊ, ಎಡಗೈಯಲ್ಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಇಲಿಮರಿ

ತಾ.ಕ.: ಅಣ್ಣಾ, ಇದನ್ನು ಮೇಲೆಯೇ ಬರೆಯಬೇಕಿತ್ತು, ಎರಡು ಸಲ ಶುರುಮಾಡಿ ಬಿಟ್ಟೆ. ಎರಡು ವರ್ಷದ ಹಿಂದೆ ಆ ರಬ್ಬರುಗಳ ಪಾರ್ಸೆಲ್ ಬಂದಾಗ ಬಿಚ್ಚಿ, ಒರೆಸಿ ಬೆಂಚಿನ ಮೇಲೆ ಜೋಡಿಸಿಟ್ಟವಳು ನಾನು. ಒಂದೊಂದರ ಸುತ್ತಲೂ ಬಿಗಿಯಾಗಿ ಒಂದು ತಗಡಿನ ಪಟ್ಟಿ ಇತ್ತು. ಪೆಟ್ಟಿಗೆಗೆ ಕಟ್ಟುವ ಪಟ್ಟಿಯಂಥದ್ದೇ ಎಂದುಕೊಂಡು ತಗಡು ಕತ್ತರಿಯಲ್ಲಿ ಎರಡನ್ನೂ ಕತ್ತರಿಸಿ ಕಸಕ್ಕೆ ಹಾಕಿದೆ. ಅಪ್ಪ ಎಂದೂ ಹೊಸ ರಬ್ಬರು ಹಾಕಿದವರಲ್ಲ, ಪಟ್ಟಿ ಇರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ. ಪಟ್ಟಿಯ ಬಿಗಿಯಿಲ್ಲದೆ ರಬ್ಬರು ಅರಳಿಕೊಂಡಿತ್ತು, ತೂತುಗಳು ಕೂಡಲಿಲ್ಲ, ಮೀಟಿದರು. ಆ ಪಾರ್ಸೆಲ್‌ನಲ್ಲಿದ್ದ ಸೂಚನೆಯ ಹಾಳೆಯ ಹಿಂಬದಿ ಖಾಲಿಯಿತ್ತೆಂದು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೆ. ಸಿಕ್ಕಿದ್ದೆಲ್ಲ ಓದುವ ನಾನು ಅದೊಂದನ್ನು ಓದಲಿಲ್ಲ. ಮಂಗಳವಾರ ಅಮ್ಮನಿಗೆ ಓದಿ ಹೇಳಲು ಆ ಪುಸ್ತಕ ತೆಗೆದಾಗ ಬಿತ್ತು. ಮೂರನೆಯ ಸಾಲು: ಬೋಲ್ಟುಗಳೆಲ್ಲ ಬಿಗಿಯಾಗುವವರೆಗೆ ಪಟ್ಟಿಯನ್ನು ಕತ್ತರಿಸಕೂಡದು. ಜೋಡಿಸಿದ ಹನ್ನೊಂದು ದಿನಕ್ಕೆ ಹರಿಯಿತು. ನಿನ್ನ ಕಾಲಿನಿಂದ ಅಲ್ಲ ಅಣ್ಣಾ. ಅಪ್ಪನಿಗೆ ಬಾಯಿಬಿಟ್ಟು ಹೇಳಲು ಎರಡು ದಿನದಿಂದ ಗ್ಯಾರೇಜಿನ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದಿದ್ದೇನೆ. ಆ ಹಾಳೆಯನ್ನೂ ಇದರೊಳಗೆ ಇಟ್ಟಿದ್ದೇನೆ. ಇವತ್ತು ಲಕೋಟೆ ಅಂಟಿಸುವುದಿಲ್ಲ, ಹಾಗೆಯೇ ಅವರ ಕೈಗೆ ಕೊಡುತ್ತೇನೆ.