ಸಿಗದೇ ಹೋದ ಮಾತುಗಳ ಪಟ್ಟಿ

18 ನವೆಂಬರ್ 2025, ಮಂಗಳವಾರ. ಚನ್ನಗಿರಿ.

ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಬೇಕು ಅಂತ ನಾಳೆ ನಮ್ಮ ಮಾಲೀಕರಾದ ಹಾಲೇಶಪ್ಪನವರಿಗೆ ನಾನು ಹೇಳಬೇಕು. ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಕೊಂಡವರು ಇನ್ನು ನನಗೆ ಫೋನ್ ಮಾಡೋದು ಬೇಡವಂತೆ, ವೆಬ್‌ಸೈಟಲ್ಲೇ ಹುಡುಕಿ ಉತ್ತರ ಓದಿಕೊಳ್ಳಬೇಕಂತೆ. ಆರು ವರ್ಷ ಫೋನಲ್ಲಿ ಹೇಳಿದ್ದನ್ನೆಲ್ಲ ನಾನೇ ಬರೆದು ಅದರೊಳಗೆ ತುಂಬಿದೀನಿ. ಬರೀತಾ ಬರೀತಾ ನನ್ನ ದನಿ ಸೂಳೆಕೆರೆ ತೂಬಿನ ನೀರಿನ ಹಂಗೆ ಸದ್ದಿಲ್ಲದೆ ಹರಿದು ಹೋಗ್ತಾ ಐತೆ ಅನ್ನಿಸ್ತಿತ್ತು.

ಒಂದು ವಾರದಿಂದ ಹತ್ತು ಜನ ರೈತರಿಗೆ ಮೂರನ್ನೂ ಕೊಟ್ಟು ನೋಡಿದ್ವಿ. ಮೊದಲನೇದು ನೋಡಾಕೆ ಚೆಂದ. ಎರಡನೇದು ಅಗ್ಗ. ಮೂರನೇದು ಮಂಕು, ಆದರೆ ಜನ ಹುಡುಕಿ ಸಿಗದೇ ಹೋದ ಮಾತುಗಳನ್ನ ಪಟ್ಟಿ ಮಾಡಿ ಇಡ್ತೈತೆ. ಸಂಜೆ ಅದನ್ನ ಓದ್ತಾ ಕೂತೆ.

‘ಮೋಟ್ರು ಗುಂಯ್ ಅಂತೈತೆ, ತಿರುಗಲ್ಲ.’ ಅದಕ್ಕೆ ನಾನು ಬರೆದಿದ್ದು ‘ಫೇಸ್ ವೈಫಲ್ಯ’, ಅಂದ್ರೆ ಮೂರು ಕರೆಂಟ್ ಲೈನಲ್ಲಿ ಒಂದು ಹೋಗಿರೋದು. ಸಿಗೋದು ಹೆಂಗೆ? ದೊಡ್ಡ ಪಂಡಿತೆ ನಾನು.

ಕೊನೇದು ಸೊಕ್ಕೆ ಊರಿನ ರೈತ ಸಣ್ಣತಿಮ್ಮಪ್ಪನವರದು. ಫೋನಲ್ಲಿ ಯಾವಾಗಲೂ ಮೊದಲು ನನ್ನ ಹೆಸರು ಹಿಡಿದು ಕೇಳೋದನ್ನೇ ಇಲ್ಲೂ ಟೈಪ್ ಮಾಡಿದಾರೆ: ‘ಸಂಧ್ಯಕ್ಕ ಅದಾರೇನ್ರೀ?’ ಪಕ್ಕದಲ್ಲಿ, ‘ಯಾವುದೇ ಫಲಿತಾಂಶ ಇಲ್ಲ’. ಮೂರು ದಿನ, ಮೂರು ಸಲ.

ನಾನೇ ಎಲ್ಲೋ ದೂರದಲ್ಲಿ ಇದ್ದಂಗೆ, ಯಾರೋ ಹೊಲದ ಬದುವಿನ ಮೇಲೆ ನಿಂತು ನನ್ನನ್ನ ಕೂಗ್ತಿದ್ದಂಗೆ ಅನ್ನಿಸ್ತು.

ನಾಳೆ ಮೂರನೇದನ್ನೇ ಹೇಳ್ತೀನಿ. ನಂಬರ್ ಎಲ್ಲೂ ಹಾಕಬೇಡ ಅಂದಿದಾರೆ ಹಾಲೇಶಪ್ಪನವರು. ಆದರೂ ಅದರೊಳಗೆ ಹೊಸ ಪುಟ ಒಂದು ಮಾಡಿದೆ. ತಲೆಬರಹಕ್ಕೆ ಸಣ್ಣತಿಮ್ಮಪ್ಪನವರ ಪ್ರಶ್ನೆ. ಕೆಳಗೆ ನನ್ನ ನಂಬರ್, ಅದರ ಮುಂದೆ ಎರಡೇ ಮಾತು:

ಅದೀನಿ, ಹೇಳ್ರೀ.