ಉಗುರಿಲ್ಲದ ಹೆಜ್ಜೆ

ಅತ್ತೆ,

ನಿಮ್ಮ ಕೊಳದ ದಡದಲ್ಲಿ ನಾನೊಂದು ತಪ್ಪು ಮಾಡಿದೆ. ನಿಮ್ಮ ಮಗನಿಗೆ ಹೇಳಿ ಆಯಿತು, ಬೈಸಿಕೊಂಡೂ ಆಯಿತು. ಆದರೂ ನಿಮಗೆ ಹೇಳದೆ ಎದೆ ಹಗುರಾಗುತ್ತಿಲ್ಲ.

ಹಿತ್ತಿಲಿನ ಆ ಪುಟ್ಟ ಕೊಳ ಕಟ್ಟಿಸಿದ ದಿನ ನೆನಪಿದೆಯಾ? ಗಾರೆಯವನು ನಾಲ್ಕೂ ಕಡೆ ನೆಟ್ಟಗೆ ಗೋಡೆ ಎಬ್ಬಿಸಿ, ನುಣ್ಣಗೆ ಸಿಮೆಂಟು ಬಳಿದು, ಹೊಗಳಿಕೆಗೆ ಕಾಯುತ್ತ ನಿಂತಿದ್ದ. ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇದೇನ್ಲಾ ಇದು, ಬಾವಿನಾ? ಅಳಿಲು ಬಿದ್ರೆ ಎಂಗ್ಲಾ ಅತ್ತಿ ಬತ್ತದೆ? ಒಂದು ಕಡೆ ಒಡೆದಾಕು" ಎಂದಿರಿ. ಅವನು ಗೊಣಗುತ್ತ ಒಡೆದ. ಅಲ್ಲಿ ನೀವೇ ಕಲ್ಲು, ಮಣ್ಣು ಹಾಕಿ ಇಳಿಜಾರು ಮಾಡಿ, ಅಂಚಿಗೆ ಕೆಸವಿನ ಗಡ್ಡೆ ಊರಿದಿರಿ. ನಾಗಮಂಗಲದ ಕಡೆಯ ಒಣ ಊರಲ್ಲಿ ಬೆಳೆದವರು ನೀವು. ನಾಲೆ ನೀರಿನ ಈ ಕಿರಂಗೂರಿಗೆ ಬಂದು ನಲವತ್ತು ವರ್ಷವಾದರೂ, ನೀರಿಗೆ ಬಂದವರನ್ನು ಓಡಿಸಬಾರದು ಎನ್ನುವ ಮಾತು ಬಿಡಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಕೆಸರನ್ನು ಓದುತ್ತಿದ್ದಿರಲ್ಲ! ಇದು ಮುಂಗುಸಿ, ಇದು ಕೊಕ್ಕರೆ, ಇವನ್ಯಾವನೋ ಹೊಸಬ. ನಾನು ಆಕಳಿಸುತ್ತ ನಿಂತರೆ, "ಸರ್ಯಾಗಿ ನೋಡಮ್ಮಿ. ಉಗುರು ಮೂಡಿದ್ರೆ ನಾಯಿ. ಮೂಡ್ದಿದ್ರೆ ಬೆಕ್ಕಿನ್ ಜಾತಿ, ಅದು ನಡೆಯೋವಾಗ ಉಗುರ ಒಳಕ್ಕೆ ಎಳ್ಕತದೆ" ಎನ್ನುತ್ತಿದ್ದಿರಿ. ಅಡುಗೆಗೆ ತಡವಾಯಿತೆಂದು ಮನಸ್ಸಿನಲ್ಲೇ ಗೊಣಗಿಕೊಂಡಿದ್ದೇನೆ. ಆ ಪಾಠ ನನ್ನನ್ನು ಹೀಗೆ ನಡುಗಿಸುತ್ತದೆಂದು ಯಾರಿಗೆ ಗೊತ್ತಿತ್ತು?

ನೀವು ಹೋದ ಮೇಲಿನ ಮೊದಲ ಬೇಸಿಗೆ ಇದು. ಹಿಂದಿನ ಗದ್ದೆಯ ಕಬ್ಬು ಕಟಾವಾದ ಮೂರನೇ ದಿನ ಕೆಸರಿನಲ್ಲೊಂದು ಹೆಜ್ಜೆ ಕಂಡಿತು. ದುಂಡಗೆ, ನನ್ನ ಅಂಗೈಯಗಲ. ಬಗ್ಗಿ ನೋಡಿದೆ. ಉಗುರಿಲ್ಲ. ಇಷ್ಟು ದೊಡ್ಡ ಬೆಕ್ಕು ಇರುತ್ತದಾ ಅತ್ತೆ? ಚಿರತೆ. ಕಬ್ಬಿನಲ್ಲಿ ಅಡಗಿದ್ದದ್ದು ನೀರಿಗೆ ಬಂದಿರಬೇಕು. ಆಗ ನಾನೇನು ಮಾಡಿದೆ ಗೊತ್ತಾ? ಕಾಲಿನಿಂದ ಉಜ್ಜಿ ಅಳಿಸಿಬಿಟ್ಟೆ. ಇವರು ನೋಡಿದರೆ ಅಂದೇ ಕೊಳ ಮುಚ್ಚಿಸುತ್ತಾರೆ, ನಿಮ್ಮದು ಅಂತ ಉಳಿದಿರುವುದೇ ಅದೊಂದು ಎಂದು... ನೀರು ಕುಡಿದು ಹೋಯಿತು, ಇನ್ನು ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಬಿಟ್ಟು, ನಿಮ್ಮ ಮೊಮ್ಮಗಳು ಚಿನ್ನಿ ಅಡುಗೆಮನೆಗೆ ಬಂದು, "ಅಮ್ಮ, ಮೀನಿಗೆ ಪುರಿ ಆಕ್ಬಂದೆ" ಎಂದಳು. ನೀವೇ ಕಲಿಸಿದ್ದಲ್ಲವಾ ಅದು. ಎದ್ದುಬಿದ್ದು ಓಡಿದೆ. ಕೆಸರಿನಲ್ಲಿ ಅವಳ ನಾಲ್ಕು ವರ್ಷದ ಪಾದ. ಅದರಿಂದ ಒಂದೇ ಗೇಣು ದೂರದಲ್ಲಿ ಆ ದುಂಡು ಹೆಜ್ಜೆ. ಯಾವುದು ಮೊದಲು ಬಿದ್ದದ್ದು? ಅವಳು ಪುರಿ ಹಾಕುವಾಗ ಅದು ಕೆಸವಿನೆಲೆಯ ಹಿಂದೆ... ಮುಂದಕ್ಕೆ ಯೋಚಿಸಲಾರೆ. ಒಳಗೆ ಬಂದು ಚಿಲಕ ಹಾಕಿ, ಇವರ ಮುಂದೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

"ಬುದ್ಧಿ ನೆಟ್ಟಗದಾ ನಿಂಗೆ? ನೋಡಿನೂ ಅಳಿಸ್ಬುಟ್ಟೆ ಅಂತೀಯಲ್ಲ! ನಾಳೆನೇ ಟ್ರಾಕ್ಟರಲ್ಲಿ ಮಣ್ಣು ತರಿಸಿ ಮುಚ್ಚಾಕ್ಬುಡ್ತೀನಿ" ಎಂದರು. ನಾನು ಹೂಂ ಎಂದೆ. ನಿಜಕ್ಕೂ ಹೂಂ ಎಂದೆ, ಕ್ಷಮಿಸಿ.

ಮಣ್ಣು ಬಂತು. ಇವರು ಗುದ್ದಲಿ ಹಿಡಿದು ನಿಮ್ಮ ಇಳಿಜಾರಿನ ಹತ್ತಿರ ಬಹಳ ಹೊತ್ತು ನಿಂತರು. "ಅವ್ವ ಇದ್ದಿದ್ರೆ ಈ ಗುದ್ದಲಿ ಕಿತ್ಕಂಡು ನಂಗೇ ಒಂದು ಬುಡೋಳು" ಎಂದರು. ಕೊನೆಗೆ ಆ ಮಣ್ಣಿನಿಂದ ಮನೆ ಕಡೆಯ ಇಳಿಜಾರನ್ನಷ್ಟೇ ಮುಚ್ಚಿ, ಮನೆಗೂ ಕೊಳಕ್ಕೂ ನಡುವೆ ಕಬ್ಬಿಣದ ಜಾಲರಿ ನಿಲ್ಲಿಸಿದರು. ನಾಲೆ ಕಡೆಯ ಗೋಡೆ ಒಡೆದು ಅಲ್ಲಿ ಹೊಸ ಇಳಿಜಾರು ಮಾಡಿದೆವು. ಅರಣ್ಯದವರು ಬಂದು ನೋಡಿ, ಬಿಸಿಲೇರುವ ತನಕ ಮಗುವನ್ನು ಹೊರಗೆ ಬಿಡಬೇಡಿ ಎಂದು ಹೇಳಿ ಹೋದರು.

ಹೆದರಿಕೆ ಹೋಗಿಲ್ಲ ಅತ್ತೆ. ತೆಂಗಿನ ಗರಿ ಬಿದ್ದರೂ ಚಿನ್ನಿ ಎಲ್ಲಿ ಎಂದು ಕಿರುಚುತ್ತೇನೆ. ಇವತ್ತು ಚೆನ್ನಾಗಿ ಬಿಸಿಲು ಬಂದ ಮೇಲೆ, ಅವಳನ್ನು ಗಟ್ಟಿಯಾಗಿ ಹಿಡಿದು, ಮೂವರೂ ಸುತ್ತಿ ಬಳಸಿ ಹೊಸ ಇಳಿಜಾರಿಗೆ ಹೋದೆವು. ಮುಂಗುಸಿ ಬಂದಿತ್ತು, ಕೊಕ್ಕರೆ ಬಂದಿತ್ತು. ಪಕ್ಕದಲ್ಲಿ ಆ ದುಂಡಗಿನದೂ ಇತ್ತು.

"ಅಮ್ಮ, ಇದ್ಯಾರ್ದು?" ಎಂದಳು ಚಿನ್ನಿ.

ನನ್ನ ಕಾಲು ತಾನಾಗಿ ಅದರ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ:

"ಸರ್ಯಾಗಿ ನೋಡಮ್ಮಿ. ಉಗುರು ಮೂಡಿದ್ದಾವಾ?"