ದ್ವಾದಶಿ ಬೆಳಗಿನ ಫೋನು

ರಾಯಚೂರು, 14 ನವೆಂಬರ್ 2025, ಶುಕ್ರವಾರ

ನನ್ನ ಕಕ್ಷಿದಾರ ವಿಬುಧೇಂದ್ರ ಅವರ ಮೇಲಿನ ಷೇರು ವಂಚನೆಯ ಆರೋಪ ರದ್ದಾಯಿತು. ಮಧ್ಯಾಹ್ನ ಮುಂಬೈಯಿಂದ ನನ್ನ ಜೂನಿಯರ್ ಫರ್ಹೀನ್ ಫೋನಿನಲ್ಲೇ ಷೇರು ಮೇಲ್ಮನವಿ ನ್ಯಾಯಮಂಡಳಿಯ ಆದೇಶ ಓದಿದಳು. ಓದುತ್ತ ಓದುತ್ತ ನಕ್ಕಳು.

ಹತ್ತಿಬೀಜದ ಕಂಪನಿಯ ಲೆಕ್ಕಾಧಿಕಾರಿಯಾದ ಇವರು ಒಳಗಿನ ಸುದ್ದಿ ಕೊಟ್ಟು ಮಾನ್ವಿಯಲ್ಲಿರುವ ತಮ್ಮ ಅಣ್ಣ ಜಗನ್ನಾಥರಿಂದ ಷೇರು ಕೊಳ್ಳಿಸಿದರು ಎಂಬುದು ಆರೋಪ. ಸಾಕ್ಷಿ ಎಂದರೆ ಹದಿನೈದು ದಿನಕ್ಕೊಮ್ಮೆ ನಸುಕಿನಲ್ಲಿ ಇವರಿಂದ ಅಣ್ಣನಿಗೆ ಹೋದ ಚಿಕ್ಕ ಕರೆಗಳು. ಎಲ್ಲವೂ ದ್ವಾದಶಿಯಂದೇ. ಏಕಾದಶಿ ಉಪವಾಸ ಬಿಡುವ ಪಾರಣೆ ಎಷ್ಟು ಹೊತ್ತಿಗೆ ಎಂದು ಅಣ್ಣನನ್ನು ಕೇಳುತ್ತಿದ್ದರು, ಅಷ್ಟೆ. ಷೇರು ಪ್ರಕರಣಗಳ ಇಷ್ಟು ವರ್ಷದ ವಕೀಲಿಯಲ್ಲಿ ಪೀಠದ ಮುಂದೆ ಪಂಚಾಂಗ ಇಟ್ಟಿದ್ದು ಇದೇ ಮೊದಲು.

ಕೇಸು ಮುಗಿಯುವವರೆಗೆ ಪರಸ್ಪರ ಮಾತಾಡಬೇಡಿ ಎಂದು ಅಣ್ಣತಮ್ಮ ಇಬ್ಬರಿಗೂ ಹೇಳಿದ್ದವಳು ನಾನೇ. ಸಂಜೆ ವಿಬುಧೇಂದ್ರರನ್ನು ಮಾನ್ವಿಗೆ ಕರೆದೊಯ್ದೆ. ಬಾಗಿಲಲ್ಲಿ ಇಬ್ಬರೂ ಅಪ್ಪಣೆ ಕೇಳುವವರಂತೆ ನನ್ನ ಮುಖ ನೋಡಿದರು.

"ಇನ್ನ ಮಾತಾಡ್ರಿ," ಎಂದೆ.

"ಅಣ್ಣಾ, ನಾಳೆ ಏಕಾದಶಿ. ನಾಡ್ದು ಪಾರಣಿ ಎಷ್ಟೊತ್ತಿಗೆ?" ಅಂದರು ವಿಬುಧೇಂದ್ರ.

ಅತ್ತಿಗೆ ಕಾವೇರಿಬಾಯಿ ಒಳಗಿಂದ ಕೂಗಿದರು: "ಎರಡು ವರ್ಷದ ಮ್ಯಾಲೆ ಬಂದು ಇದನ್ನ ಕೇಳೂದೇನಪಾ? ಮೊದಲ ಒಳಗ ಬಾ, ಇವತ್ತಿಂದು ಉಣ್ಣು!"

ಜಗನ್ನಾಥರು ನಗುತ್ತಲೇ ಕಣ್ಣೊರೆಸಿಕೊಂಡರು. ಬರೆಯುವಾಗ ನನಗೂ ನಗು.

ಆರೋಪ ಹೊರಿಸಿದ ಷೇರುಪೇಟೆ ನಿಯಂತ್ರಕರು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಬಹುದು. ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂದು ಸೋಮವಾರ ಅಲ್ಲಿ ಕೇವಿಯಟ್ ಸಲ್ಲಿಸಬೇಕು.